ಕಾರಿನ ದೀರ್ಘಸಾಲ: ಗೃಹಸ್ಥರು ಮಾಡಬೇಕಾದ ಲೆಕ್ಕ

ಕಲಬುರಗಿಯಿಂದ ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಹೋಗುವ ರಸ್ತೆಗಳಲ್ಲಿ ಒಂದು ಕಾಲಕ್ಕೆ ಎತ್ತಿನ ಬಂಡಿಗಳೂ ಸರಕಾರದ ಬಸ್ಸುಗಳೂ ಅಲ್ಲದೆ ಬೇರೆ ವಾಹನಗಳು ವಿರಳವಾಗಿದ್ದವು. ಈಗಲಾದರೋ ಮಧ್ಯಮ ಸ್ಥಿತಿಯ ಮನೆಗಳ ಅಂಗಳದಲ್ಲಿಯೂ ಕಾರು ನಿಂತಿರುವುದನ್ನು ಕಾಣುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿಯು ನೂರಕ್ಕೆ 28ರಿಂದ 18ಕ್ಕೆ ಇಳಿದು, ಅದರ ಮೇಲಿದ್ದ ಸೆಸ್ಸೂ ರದ್ದಾದ ತರುವಾಯ, ‘ನಾವೂ ಒಂದು ಕಾರು ಕೊಳ್ಳಬಾರದೇಕೆ?’ ಎಂಬ ಮಾತು ಇನ್ನೂ ಎಷ್ಟೋ ಮನೆಗಳಲ್ಲಿ ಹುಟ್ಟಿದೆ.

ಈ ಇಚ್ಛೆಯನ್ನು ನಾವು ನಿಂದಿಸುವವರಲ್ಲ. ಆಳಂದವೂ ಜೇವರ್ಗಿಯೂ ಕಲಬುರಗಿಯಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿವೆ. ಅಫಜಲಪುರವು ಅದಕ್ಕಿಂತಲೂ ದೂರ. ನಡುರಾತ್ರಿಯಲ್ಲಿ ಮುದುಕರಿಗೆ ಎದೆನೋವು ಬಂದರೆ, ಹೆರಿಗೆಯ ಹೊತ್ತು ಒದಗಿದರೆ, ಮನೆಯಲ್ಲಿ ವಾಹನವಿರುವುದು ಎಷ್ಟು ದೊಡ್ಡ ಧೈರ್ಯವೆಂಬುದನ್ನು ಅನುಭವಿಸಿದವರೇ ಬಲ್ಲರು. ಆದುದರಿಂದ ಕಾರು ಬೇಕೋ ಬೇಡವೋ ಎಂಬುದು ನಮ್ಮ ಪ್ರಶ್ನೆಯಲ್ಲ. ಅದಕ್ಕಾಗಿ ಏಳು ವರ್ಷಗಳ ಸಾಲವನ್ನು ತಲೆಯ ಮೇಲೆ ಹೊರುವುದು ವಿವೇಕವೇ ಎಂಬುದೊಂದೇ ಇಲ್ಲಿಯ ವಿಚಾರ.

ಶೋರೂಮಿಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆಯೆಂದರೆ, ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂಬುದು. ಗಿರಾಕಿಯು ತುಸು ಹಿಂಜರಿದನೆಂದರೆ, ‘ಏಳು ವರ್ಷಕ್ಕ ಮಾಡ್ರಿ ಸರ, ಕಂತು ಹಗರ ಆಗ್ತದ’ ಎಂಬ ಸಮಾಧಾನವು ಒಡನೆಯೇ ಬರುತ್ತದೆ. ಕಂತು ಹಗುರವಾಗುವುದೇನೋ ನಿಜ. ಆದರೆ ಕಂತು ಹಗುರವಾದೊಡನೆ ಸಾಲವೂ ಹಗುರವಾಯಿತೆಂದು ತಿಳಿಯುವುದೇ ಮೋಸಹೋಗುವ ಸ್ಥಳ.

ಒಂದು ಉದಾಹರಣೆಯನ್ನು ಹಿಡಿಯೋಣ. ಕಾರಿನ ಶೋರೂಮ್ ಬೆಲೆ 6,50,000 ರೂಪಾಯಿ. ಆಜೀವ ತೆರಿಗೆ, ವಿಮೆ, ನೋಂದಣಿಗಳು ಸೇರಿ ರಸ್ತೆಗಿಳಿಯುವ ಹೊತ್ತಿಗೆ 7,50,000 ಆಗುವುದೆಂದಿಟ್ಟುಕೊಳ್ಳೋಣ. ಕೈಯಿಂದ 1,50,000 ಕೊಟ್ಟು ಉಳಿದ 6,00,000ವನ್ನು ವರ್ಷಕ್ಕೆ ನೂರಕ್ಕೆ 10ರ ಬಡ್ಡಿಯಂತೆ ಸಾಲ ತಂದರೆ ಲೆಕ್ಕವು ಹೀಗಾಗುತ್ತದೆ:

ಮೂರು ವರ್ಷದ ಸಾಲಕ್ಕೆ ತಿಂಗಳ ಕಂತು 19,360; ಒಟ್ಟು ಬಡ್ಡಿ ಸುಮಾರು 97,000.
ಐದು ವರ್ಷದ ಸಾಲಕ್ಕೆ ಕಂತು 12,748. ಒಟ್ಟು ಬಡ್ಡಿ ಸುಮಾರು 1,65,000.
ಏಳು ವರ್ಷದ ಸಾಲಕ್ಕೆ ಕಂತು 9,961. ಒಟ್ಟು ಬಡ್ಡಿ ಸುಮಾರು 2,36,700.

ಐದರಿಂದ ಏಳಕ್ಕೆ ಹೋದಾಗ ತಿಂಗಳಿಗೆ ಉಳಿಯುವುದು 2,787 ರೂಪಾಯಿ. ಕಡೆಗೆ ಹೆಚ್ಚಾಗಿ ತೆರುವುದು ಸುಮಾರು 72,000 ರೂಪಾಯಿ. ಅದಲ್ಲದೆ, ಏಳು ವರ್ಷದ ಸಾಲದಲ್ಲಿ ಮೊದಲನೆಯ ವರ್ಷ ಕಟ್ಟುವ ಸುಮಾರು 1,19,500 ರೂಪಾಯಿಗಳಲ್ಲಿ ಅಸಲಿಗೆ ಸಲ್ಲುವುದು 62,300 ಮಾತ್ರ. ಮಿಕ್ಕುದೆಲ್ಲವೂ ಬಡ್ಡಿಯ ಪಾಲು.

ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೊಂದುಂಟು. ಕೈಯಿಂದ ಏನನ್ನೂ ಕೊಡದೆ ಪೂರ್ತಿ 7,50,000ವನ್ನು ಏಳು ವರ್ಷಕ್ಕೆ ಸಾಲ ತಂದರೆ ಕಂತು 12,451 ಆಗುತ್ತದೆ. ಒಂದೂವರೆ ಲಕ್ಷ ಮುಂಗಡ ಕೊಟ್ಟು ಐದು ವರ್ಷಕ್ಕೆ ತಂದವನ ಕಂತು 12,748. ತಿಂಗಳ ಭಾರವು ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ. ಆದರೆ ಎರಡನೆಯವನಿಗೆ ಮುಂಗಡವೂ ಸೇರಿ ಕಾರು ಬೀಳುವುದು ಸುಮಾರು 9,15,000ಕ್ಕೆ. ಮೊದಲನೆಯವನಿಗೆ ಸುಮಾರು 10,46,000ಕ್ಕೆ. ಕಾರು ಒಂದೇ, ಕಂತು ಒಂದೇ. ವ್ಯತ್ಯಾಸ 1,31,000 ರೂಪಾಯಿ. ‘ತಿಂಗಳಿಗೆ ಎಷ್ಟು?’ ಎಂದಷ್ಟೇ ಕೇಳುವವರಿಗೆ ಈ ವ್ಯತ್ಯಾಸವು ಎಂದಿಗೂ ಕಾಣಲಾರದು.

ಬಡ್ಡಿಯ ಹೆಸರಿನಲ್ಲಿಯೂ ಎಚ್ಚರವಿರಬೇಕು. ತೀರದೆ ಉಳಿದ ಅಸಲಿನ ಮೇಲೆ ಮಾತ್ರ ಎಣಿಸುವ ಬಡ್ಡಿ ಒಂದು ಬಗೆ. ಮೊದಲು ತಂದ ಪೂರ್ತಿ ಮೊತ್ತದ ಮೇಲೆ ಕೊನೆಯವರೆಗೂ ಎಣಿಸುವ ‘ಫ್ಲ್ಯಾಟ್’ ಬಡ್ಡಿ ಇನ್ನೊಂದು ಬಗೆ. ಆರು ಲಕ್ಷಕ್ಕೆ ಐದು ವರ್ಷ ನೂರಕ್ಕೆ 6ರ ಫ್ಲ್ಯಾಟ್ ಬಡ್ಡಿಯೆಂದರೆ 1,80,000 ಆಯಿತು. ಮೇಲೆ ಹೇಳಿದ ನೂರಕ್ಕೆ 10ರ ಬಡ್ಡಿಗಿಂತ ಇದೇ ಹೆಚ್ಚು! 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆಲ್ಲ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ರಿಜರ್ವ್ ಬ್ಯಾಂಕು ವಿಧಿಸಿದೆ. ಶುಲ್ಕಗಳನ್ನೂ ಕೂಡಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರವೆಷ್ಟೆಂಬುದು ಆ ಪತ್ರದಲ್ಲಿರುತ್ತದೆ. ಸಹಿ ಹಾಕುವ ಮೊದಲು ಅದನ್ನು ಮನೆಗೆ ತಂದು ಓದತಕ್ಕದ್ದು.

ಇನ್ನು ಕಾರಿನ ಮೌಲ್ಯದ ಮಾತು. ಹೊಲವನ್ನೋ ಮನೆಯನ್ನೋ ಸಾಲದಿಂದ ಕೊಂಡರೆ ಅದು ಸಾಲದ ಕಾಲದಲ್ಲಿ ಬೆಳೆಯಲೂಬಹುದು. ಕಾರು ಹಾಗಲ್ಲ, ಕೊಂಡ ದಿನದಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ವಿಮೆಯವರು ಅನುಸರಿಸುತ್ತ ಬಂದಿರುವ ಪಟ್ಟಿಯ ಪ್ರಕಾರ ಎರಡನೆಯ ವರ್ಷದಲ್ಲಿ ನೂರಕ್ಕೆ 20, ಮೂರನೆಯದರಲ್ಲಿ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50ರಂತೆ ಬೆಲೆಯನ್ನು ಕಡಿಮೆ ಹಿಡಿಯುತ್ತಾರೆ. ಕಾರು ಪೂರ್ತಿ ಹಾಳಾದರೆ ಅಥವಾ ಕಳವಾದರೆ ದೊರೆಯುವುದು ಹೀಗೆ ಇಳಿದ ಮೊತ್ತವೇ. ಇದಕ್ಕೆ ‘ಐಡಿವಿ’ ಎನ್ನುವರು.

ನಮ್ಮ ಉದಾಹರಣೆಯ ಕಾರಿಗೆ ಎರಡನೆಯ ವರ್ಷ ಈ ಮೊತ್ತವು 5,20,000. ಮುಂಗಡವಿಲ್ಲದೆ ಏಳು ವರ್ಷಕ್ಕೆ ಸಾಲ ತಂದವನು ಒಂದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೂ ಅವನ ಅಸಲು 6,72,000ದಷ್ಟು ಉಳಿದಿರುತ್ತದೆ. ಆಗ ಕಾರು ಹೋದರೆ ವಿಮೆಯ ಹಣವೆಲ್ಲ ಸಾಲದಾತರಿಗೆ ಸಂದು, ಮೇಲೆ 1,52,000 ರೂಪಾಯಿಗಳ ಋಣವು ಉಳಿಯುವುದು. ಮೂರು ವರ್ಷ ಕಳೆದರೂ ಸುಮಾರು ಒಂದು ಲಕ್ಷದ ಕೊರತೆ ಇದ್ದೇ ಇರುತ್ತದೆ. ಕಾರಿಲ್ಲ, ಸಾಲವುಂಟು ಎಂಬ ಈ ದುರವಸ್ಥೆಯು ದೀರ್ಘಸಾಲದ ದೊಡ್ಡ ಅಪಾಯ. ಮುಂಗಡ ಕೊಟ್ಟು ಐದು ವರ್ಷಕ್ಕೆ ತಂದವನಿಗಾದರೋ ಮೂರು ವರ್ಷದ ತರುವಾಯ ಉಳಿಯುವ ಸಾಲ 2,76,000; ಕಾರಿನ ವಿಮಾಮೊತ್ತ 3,90,000. ಅವನ ಕಾರು ಅವನ ಸಾಲಕ್ಕಿಂತ ಮುಂದಿದೆ.

ಇದು ಕೇವಲ ಕಾಗದದ ಭಯವೆಂದು ತಿಳಿಯಬಾರದು. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದುದನ್ನು ವಾಚಕರು ಮರೆತಿರಲಾರರು. ನೆರೆಯಿಂದಾದ ಹಾನಿಯು ಸಮಗ್ರ ವಿಮೆಯಲ್ಲಿ ಮಾತ್ರ ದೊರೆಯುವುದೇ ಹೊರತು ಬರಿಯ ಮೂರನೆಯವರ ವಿಮೆಯಲ್ಲಿ ದೊರೆಯದು. ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆಯನ್ನು ಮೊದಲೇ ಮಾಡಿಸಬೇಕೆಂಬ ನಿಯಮವು 2018ರ ಸೆಪ್ಟೆಂಬರಿನಿಂದ ಇರುವುದರಿಂದ, ಕೆಲವರು ತಮ್ಮ ಕಾರಿಗೆ ಮೂರು ವರ್ಷ ಎಲ್ಲ ವಿಮೆಯೂ ಉಂಟೆಂದು ಭ್ರಮಿಸುತ್ತಾರೆ. ಸ್ವಂತ ಹಾನಿಯ ವಿಮೆಯ ಅವಧಿ ಎಂದು ಮುಗಿಯುವುದೆಂದು ಪಾಲಿಸಿಯಲ್ಲಿ ನೋಡಿಕೊಂಡು, ಅದನ್ನು ತಪ್ಪದೆ ನವೀಕರಿಸಬೇಕು.

ಈಗ ಈ ಮೂರು ತಾಲೂಕುಗಳ ಮೂರು ಬಗೆಯ ಮನೆಗಳನ್ನು ಮನಸ್ಸಿಗೆ ತಂದುಕೊಳ್ಳೋಣ.

ಮೊದಲನೆಯದು ಆಳಂದದ ಒಬ್ಬ ಶಿಕ್ಷಕರ ಮನೆ. ಸಂಬಳವು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ; ಆದುದರಿಂದ ಕಂತು ತಪ್ಪುವ ಭಯ ಕಡಿಮೆ. ಆದರೆ ಇಂದು ಹತ್ತು ವರ್ಷದ ಮಗಳಿಗೆ ಎಂಬತ್ತನಾಲ್ಕನೆಯ ಕಂತಿನ ಹೊತ್ತಿಗೆ ಹದಿನೇಳು ತುಂಬಿರುತ್ತದೆ. ಪಿಯುಸಿಯ, ಕಾಲೇಜಿನ ವೆಚ್ಚಗಳು ಬಾಗಿಲಿಗೆ ಬರುವ ಕಾಲಕ್ಕೆ ಸರಿಯಾಗಿ ಹಳೆಯ ಕಾರಿನ ಟೈರು, ಬ್ಯಾಟರಿ, ರಿಪೇರಿಗಳೂ ಬರುತ್ತವೆ, ಕಂತೂ ನಿಂತಿರುವುದಿಲ್ಲ. ಸಂಬಳವಿರುವವರು ಸಾಲದ ಅವಧಿಯನ್ನು ತಮ್ಮ ವಯಸ್ಸಿನಿಂದಲ್ಲ, ಮಕ್ಕಳ ವಯಸ್ಸಿನಿಂದ ಅಳೆಯುವುದು ಲೇಸು.

ಎರಡನೆಯದು ಜೇವರ್ಗಿಯ ತೊಗರಿ ಬೆಳೆಗಾರರದು. ಇಲ್ಲಿ ಮುಂಗಾರಿಗೆ ಬಿತ್ತಿದ ತೊಗರಿಯು ಕೈಗೆ ಬರುವುದು ಡಿಸೆಂಬರ್, ಜನವರಿಗಳಲ್ಲಿ. ಹಣವು ವರ್ಷಕ್ಕೊಮ್ಮೆ, ಕಂತು ವರ್ಷಕ್ಕೆ ಹನ್ನೆರಡು ಸಲ. ಟ್ರ್ಯಾಕ್ಟರ್ ಸಾಲದಲ್ಲಿ ಬೆಳೆಯ ಕಾಲಕ್ಕೆ ಹೊಂದಿಸಿ ಆರು ತಿಂಗಳಿಗೊಮ್ಮೆ ಕಟ್ಟುವ ಏರ್ಪಾಟು ಉಂಟು. ಕಾರಿನ ಸಾಲದಲ್ಲಿ ಸಾಮಾನ್ಯವಾಗಿ ಅದಿಲ್ಲ. 2025–26ರ ಬೆಂಬಲ ಬೆಲೆಯು ಕ್ವಿಂಟಲಿಗೆ 8,000 ರೂಪಾಯಿ. ಐದು ವರ್ಷದ ಕಂತುಗಳು ವರ್ಷಕ್ಕೆ 1,53,000 ಆದುವೆಂದರೆ ಹತ್ತೊಂಬತ್ತು ಕ್ವಿಂಟಲಿಗೆ ಮೀರಿದ ತೊಗರಿಯಾಯಿತು. ಎಕರೆಗೆ ನಾಲ್ಕು ಕ್ವಿಂಟಲಿನಂತೆ ಹಿಡಿದರೆ ಐದು ಎಕರೆಯ ಸಂಪೂರ್ಣ ಬೆಳೆ, ಬೀಜ ಗೊಬ್ಬರ ಕೂಲಿಗಳನ್ನು ಕಳೆಯುವ ಮೊದಲೇ, ಕಾರಿಗೆ ಸಂದಿತು! ಪೇಟೆಯ ಧಾರಣೆಯು ಬೆಂಬಲ ಬೆಲೆಗಿಂತ ಕೆಳಗೆ ಇಳಿಯುವುದೂ ಉಂಟು. 2022ರ ಹಂಗಾಮಿನಲ್ಲಿ ನೆಟೆರೋಗವು ಬಿದ್ದು ಈ ಜಿಲ್ಲೆಯ ನಿಂತ ತೊಗರಿಯು ಒಣಗಿದುದನ್ನು ರೈತರು ಕಣ್ಣಾರೆ ಕಂಡಿದ್ದಾರೆ. ನೆಟೆರೋಗ ಬಂದ ವರ್ಷವೆಂದು ಕಂತು ನಿಲ್ಲುವುದಿಲ್ಲ.

ಹಾಗಾದರೆ ರೈತನಿಗೆ ಕಾರಿನ ಸಾಲವೇ ಬೇಡವೆನ್ನಬೇಕೇ? ಹಾಗೆಂದೂ ಹೇಳಲಾಗದು. ದೀರ್ಘಸಾಲವು ಹಿತವಾಗುವ ಒಂದು ದಾರಿಯು ಇಲ್ಲಿಯೇ ಇದೆ. ಒಂದೂವರೆ ಲಕ್ಷ ಮುಂಗಡ ಕೊಟ್ಟು ಆರು ಲಕ್ಷವನ್ನು ಏಳು ವರ್ಷಕ್ಕೇ ತಂದು, 9,961ರ ಕಂತನ್ನು ಕಟ್ಟುತ್ತ, ಪ್ರತಿವರ್ಷ ತೊಗರಿ ಮಾರಿದೊಡನೆ 40,000ವನ್ನು ಅಸಲಿಗೆ ಹೆಚ್ಚಾಗಿ ಕಟ್ಟಿದರೆ, ಹೀಗೆ ನಾಲ್ಕು ಸಲ ಕಟ್ಟಿದ ಮೇಲೆ ಐದನೆಯ ವರ್ಷದ ಕೊನೆಗೆ ಸುಮಾರು 9,400 ಮಾತ್ರ ಉಳಿಯುತ್ತದೆ. ಅದನ್ನೂ ಕೊಟ್ಟು ಋಣಮುಕ್ತರಾದರೆ ಬಡ್ಡಿಯು ಸುಮಾರು 1,67,000 ಆಗಿ, ಎಪ್ಪತ್ತು ಸಾವಿರದಷ್ಟು ಉಳಿಯುವುದು. ಬೆಳೆ ಕೆಟ್ಟ ವರ್ಷ ಹೆಚ್ಚಿನ ಹಣವನ್ನು ಕಟ್ಟದಿದ್ದರೂ ಸಾಲ ತಪ್ಪಿದಂತಾಗುವುದಿಲ್ಲ. ಇಂಥವರಿಗೆ ಏಳು ವರ್ಷದ ಅವಧಿಯು ಕೆಟ್ಟ ಕಾಲಕ್ಕೆ ಆಸರೆ. ಒಳ್ಳೆಯ ಕಾಲದಲ್ಲಿ ಅದನ್ನು ಪೂರ್ತಿ ಬಳಸಿಕೊಳ್ಳಬೇಕಾದುದಿಲ್ಲ.

ಆದರೆ ಇದಕ್ಕೆ ಎರಡು ಕಟ್ಟುಗಳುಂಟು. ಮೊದಲನೆಯದು, ಮುಂಚಿತವಾಗಿ ಕಟ್ಟಿದರೆ ದಂಡವಿರಬಾರದು. 2026ರ ಜನವರಿ 1ರಿಂದ ಮಂಜೂರಾದ, ವ್ಯಾಪಾರಕ್ಕಲ್ಲದ ವೈಯಕ್ತಿಕ ಸಾಲಗಳಲ್ಲಿ ಬಡ್ಡಿಯು ಏರಿಳಿಯುವಂಥದಾದರೆ ಈ ಶುಲ್ಕವನ್ನು ವಿಧಿಸಕೂಡದೆಂದು ರಿಜರ್ವ್ ಬ್ಯಾಂಕಿನ ನಿಯಮವಿದೆ. ಕಾರಿನ ಸಾಲವು ಅನೇಕ ವೇಳೆ ಸ್ಥಿರ ಬಡ್ಡಿಯದಾಗಿರುವುದರಿಂದ, ಶುಲ್ಕವುಂಟೋ ಇಲ್ಲವೋ ಎಂದು ಬರವಣಿಗೆಯಲ್ಲಿಯೇ ಕೇಳಿ ಪಡೆಯಬೇಕು. ಎರಡನೆಯದು ಮನಸ್ಸಿನ ಕಟ್ಟು: ಜನವರಿಯ ಹಣವು ಮದುವೆ ಜಾತ್ರೆಗಳಿಗೆ ಹರಿದುಹೋಗುವ ಮೊದಲೇ ಬ್ಯಾಂಕಿಗೆ ಮುಟ್ಟಬೇಕು.

ಮೂರನೆಯದು ಅಫಜಲಪುರ ತಾಲೂಕಿನ ಒಬ್ಬ ಯುವಕನದು. ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದಲೂ ಬರುವ ಯಾತ್ರಿಕರನ್ನು ರೈಲು ನಿಲ್ದಾಣದಿಂದ ಕರೆದೊಯ್ಯಲು ಅವನು ಬಾಡಿಗೆಯ ಕಾರು ಇಡಬಯಸುತ್ತಾನೆ. ಅವನ ಕಾರು ಖರ್ಚಿನ ವಸ್ತುವಲ್ಲ, ದುಡಿಮೆಯ ಸಾಧನ. ಅದಕ್ಕೆ ಸಾಲ ಮಾಡುವುದು ಎತ್ತು ಕೊಳ್ಳಲು ಸಾಲ ಮಾಡಿದಂತೆ. ಆದರೂ ಅವನು ಹುಣ್ಣಿಮೆಯ ದಟ್ಟಣೆಯನ್ನು ನೋಡಿ ಲೆಕ್ಕ ಹಾಕದೆ, ಯಾತ್ರಿಕರು ವಿರಳವಾದ ತಿಂಗಳ ಸಂಪಾದನೆಯಿಂದ ಕಂತು ತೀರುವುದೇ ಎಂದು ನೋಡತಕ್ಕದ್ದು.

ಮನೆಯ ಉಪಯೋಗಕ್ಕೆ ಕೊಳ್ಳುವವರು ಇನ್ನೊಂದನ್ನೂ ತೂಗಿ ನೋಡಬೇಕು. ತಿಂಗಳಿಗೆ ನಾಲ್ಕು ಸಲ ಕಲಬುರಗಿಗೆ ಹೋಗಿಬರಲು ಬಾಡಿಗೆ ಕಾರಿಗೆ ಸಲಕ್ಕೆ 2,500ರಂತೆ ಕೊಟ್ಟರೂ 10,000 ಆಗುತ್ತದೆ. ಇದರಲ್ಲಿ ಪೆಟ್ರೋಲು, ವಿಮೆ, ರಿಪೇರಿಗಳೆಲ್ಲವೂ ಅಡಗಿವೆ. ಐದು ವರ್ಷದ ಸಾಲದ ಬರಿಯ ಕಂತೇ ಇದಕ್ಕಿಂತ ಹೆಚ್ಚು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣವು ಉಚಿತವಾಗಿದೆ. ತಿಂಗಳಿಗೆ ಒಂದೆರಡು ಸಲ ಮಾತ್ರ ಹೊರಡುವ ಮನೆಗೆ ಕಾರು ಅನುಕೂಲವಲ್ಲ, ಅಲಂಕಾರ.

ಕೊನೆಯದಾಗಿ ಗೃಹಸ್ಥರಿಗೆ ಒಂದು ಪರೀಕ್ಷೆಯನ್ನು ಸೂಚಿಸುತ್ತೇವೆ. ಕಾರು ಕೊಳ್ಳುವ ಮೊದಲು ಆರು ತಿಂಗಳು, ಕಾರು ಬಂದಿದೆಯೆಂದೇ ಭಾವಿಸಿ, ಐದು ವರ್ಷದ ಕಂತನ್ನೂ ಪೆಟ್ರೋಲಿನ ಖರ್ಚನ್ನೂ ಸೇರಿಸಿ ತಿಂಗಳಿಗೆ 16,000ವನ್ನು ಬೇರೆ ಖಾತೆಯಲ್ಲಿ ಕಟ್ಟಿಡಿರಿ. ಮಕ್ಕಳ ಶುಲ್ಕ, ಔಷಧ, ಬಿತ್ತನೆಯ ಖರ್ಚುಗಳಿಗೆ ಅದನ್ನು ಮುಟ್ಟದೆ ಉಳಿಸಿದಿರಾದರೆ ಕಾರು ನಿಮ್ಮ ಶಕ್ತಿಯೊಳಗಿದೆ. 96,000 ರೂಪಾಯಿಗಳ ಮುಂಗಡವೂ ಕೈಯಲ್ಲಿರುತ್ತದೆ. ನಡುವೆ ತೆಗೆಯಬೇಕಾಗಿ ಬಂದರೆ, ಅವಧಿಯನ್ನು ಏಳಕ್ಕೆ ಎಳೆದು ಕಂತನ್ನು ಕುಗ್ಗಿಸುವುದು ಪರಿಹಾರವಲ್ಲ. ಇನ್ನೂ ಅಗ್ಗದ ಕಾರನ್ನೋ, ಚೆನ್ನಾಗಿರುವ ಹಳೆಯ ಕಾರನ್ನೋ, ಇನ್ನೊಂದು ವರ್ಷದ ತಾಳ್ಮೆಯನ್ನೋ ಆರಿಸಿಕೊಳ್ಳುವುದೇ ಪರಿಹಾರ.

ಸಾಲ ತೀರುವವರೆಗೆ ಕಾರಿನ ನೋಂದಣಿ ಪತ್ರದಲ್ಲಿ ಸಾಲದಾತರ ಹೆಸರೂ ಇರುತ್ತದೆ. ಕಡೆಯ ಕಂತು ಕಟ್ಟಿದ ಮೇಲೆ ಅವರ ಒಪ್ಪಿಗೆಯ ಪತ್ರವನ್ನು ಪಡೆದು, ಆರ್‌ಟಿಒ ಕಚೇರಿಯಲ್ಲಿ ಆ ಹೆಸರನ್ನು ತೆಗೆಸಲು ಮರೆಯಬಾರದು. ಅಂದಿಗೇ ಆ ಕಾರು ನಿಜವಾಗಿ ಮನೆಯದಾಗುವುದು. ಕಾರಿನಲ್ಲಿ ಇನ್ನೂ ಕಸುವಿರುವಾಗಲೇ ಆ ದಿನವು ಬರುವಂತೆ ಸಾಲವನ್ನು ಗೊತ್ತುಮಾಡಿಕೊಳ್ಳುವವರು ಜಾಣರು.