ಅಂಗಳದ ಹಗ್ಗ

ಹೊಳೆಯ ದಂಡೆಯ ಊರಿನಲ್ಲಿ ಹುಟ್ಟಿದವನಿಗೆ ಮಹಾನವಮಿಯ ಸೂಚನೆ ಬನ್ನಿಯ ಎಲೆಯಿಂದಲ್ಲ, ಕೌದಿಯಿಂದ ದೊರೆಯುತ್ತದೆ. ಅಥಣಿ ತಾಲೂಕಿನ ನಮ್ಮ ಸತ್ತಿ ಕೃಷ್ಣೆಯ ತೀರದ ಗ್ರಾಮ. ಘಟ ಕೂಡ್ರಿಸುವ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಹೊತ್ತೊಯ್ದು ಒಗೆಯುವುದು ಈ ಸೀಮೆಯ ರೂಢಿ. ನೀರು ಕುಡಿದ ಕೌದಿ ಒಬ್ಬರ ಕೈಗೆ ಏಳುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು, ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ತಿರುಚಿ ಹಿಂಡಬೇಕು. ಅದನ್ನು ದಂಡೆಯ ಕಲ್ಲುಗಳ ಮೇಲೆ ಹರವಿದೊಡನೆ ಅಜ್ಜನ ಧೋತರದ ತುಂಡು, ಅಜ್ಜಿಯ ಇಳಕಲ್ಲ ಸೀರೆಯ ಸೆರಗು, ಮೊಮ್ಮಗನ ಹರಿದ ಅಂಗಿ ಎಲ್ಲವೂ ಒಂದೇ ಹೊಲಿಗೆಯಲ್ಲಿ ಬಿಸಿಲಿಗೆ ಮೈಯೊಡ್ಡುತ್ತವೆ.

ವರುಷಕ್ಕೊಮ್ಮೆ ಹೊಳೆಯ ದಂಡೆ ಮಾಡುವ ಕೆಲಸವನ್ನು ದಿನವೂ ಮಾಡುವುದು ಅಂಗಳದ ಹಗ್ಗ. ಓದಬಲ್ಲವರಿಗೆ ಅದರಲ್ಲಿ ಮನೆಯ ವಾರ್ತೆಯೆಲ್ಲ ಉಂಟು. ತೊಟ್ಟಿಲ ಬಟ್ಟೆ ಕಂಡರೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಹೊಸ ಧೋತರ ಕಂಡರೆ ಬೀಗರು ಬಂದಿದ್ದಾರೆ. ಎರಡು ದಿನ ಹಗ್ಗ ಬರಿದಾಗಿದ್ದರೆ ನೆರೆಯವರು ಬಾಗಿಲಿಗೆ ಬಂದು, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ.

ಒಂದು ಮಳೆಗಾಲದಲ್ಲಿ ನಾನು ಬಟ್ಟೆ ಒಣಗಿಸುವ ಯಂತ್ರವೊಂದನ್ನು ಕೊಳ್ಳುವ ಪ್ರಸ್ತಾಪವೆತ್ತಿದೆ. ಅವ್ವ ಅರಿವೆ ಝಾಡಿಸುತ್ತಲೇ, “ಗಾಳಿ ಬಿಸಲಿಗೆ ಬಿಲ್ ಬರೂದಿಲ್ಲ, ತಮ್ಮಾ” ಎಂದಳು. ಆಕೆಯ ಮಾತಿಗೆ ವಿಜ್ಞಾನದ ಒಪ್ಪಿಗೆಯೂ ಇದೆ. ಒಂದು ಲೀಟರು ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಅದು ಒಂದು ಯುನಿಟ್ಟಿನ ಮೂರರಲ್ಲಿ ಎರಡು ಪಾಲು. ಮಳೆ ಕಡಿಮೆಯಾದ ನಮ್ಮ ಬಯಲುಸೀಮೆಯಲ್ಲಿ ವರುಷದ ಬಹುಭಾಗ ಈ ಶಾಖವನ್ನು ಸೂರ್ಯನೂ ಒಣಗಾಳಿಯೂ ಪುಕ್ಕಟೆಯಾಗಿ ಒದಗಿಸುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳು ಅನೇಕ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಬಣ್ಣವನ್ನು ಮಾಸಿಸುವುದೂ ಅದೇ ಬಿಸಿಲೇ. ಆದಕಾರಣವೇ ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಒಣಹಾಕುವ ಜಾಣತನ ನಮ್ಮ ಮನೆಗಳಲ್ಲಿದೆ.

ಅಮೆರಿಕದ ಜಾರ್ಜ್ ಟಿ. ಸ್ಯಾಂಪ್ಸನ್ ಎಂಬಾತ ಬಟ್ಟೆ ಒಣಗಿಸುವ ಸಾಧನವೊಂದಕ್ಕೆ ಪೇಟೆಂಟು ಪಡೆದದ್ದು 1892ರಲ್ಲಿ. ಮುಂದೆ ಆ ಖಂಡದಲ್ಲಿ ಯಂತ್ರ ಮನೆಮನೆಯನ್ನು ಹೊಕ್ಕಿತು. ಹಗ್ಗ ಬಡತನದ ಗುರುತಾಯಿತು. ಹೊರಗೆ ಬಟ್ಟೆ ಹಾಕಿದರೆ ಬಡಾವಣೆಯ ಅಂದ ಕೆಡುತ್ತದೆಂದು ಅದನ್ನು ನಿಷೇಧಿಸಿದವರೂ ಉಂಟು. ಕಡೆಗೆ ಕೆನಡಾದ ಒಂಟಾರಿಯೊ ಪ್ರಾಂತ 2008ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯ 2009ರಲ್ಲಿ, ಇಂಥ ನಿಷೇಧಗಳ ವಿರುದ್ಧ ಕಾನೂನಿನ ಬಲವನ್ನೇ ತರಬೇಕಾಯಿತು. ಬಿಸಿಲಿಗೆ ಬಟ್ಟೆ ಹಾಕುವುದೂ ಒಂದು ಹಕ್ಕು ಎಂದು ಸಾರಬೇಕಾಗಿ ಬಂದುದನ್ನು ಓದಿ ನಾನು ನಕ್ಕೆ. ನಮ್ಮಲ್ಲಿ ಅಂಥ ನಿಷೇಧವೆಲ್ಲಿದೆ ಎಂದು ಹೆಮ್ಮೆಪಟ್ಟೆ.

ಆ ಹೆಮ್ಮೆಯನ್ನು ಇಳಿಸಿದವಳು ನನ್ನ ಮಗಳು. “ಅಪ್ಪಾ, ಎಲ್ಲಾರ ಅರಿವಿ ಬಿಸಲಾಗ ಒಣಗತಾವ. ನಮ್ಮ ಮುಟ್ಟಿನ ಅರಿವಿ ಅಷ್ಟ ಯಾಕ ಕತ್ತಲದಾಗ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

ನನ್ನಲ್ಲಿ ಉತ್ತರವಿರಲಿಲ್ಲ. ಬಚ್ಚಲಿನ ಮೂಲೆ, ಕಟ್ಟಿಗೆಯ ಒಟ್ಟಿಲಿನ ಹಿಂಬದಿ, ಸೀರೆಯ ಮಡಿಕೆಯ ಅಡಿ: ಆ ಬಟ್ಟೆಯ ಜಾಗಗಳು ಇವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬಟ್ಟೆಯನ್ನು ಬಳಸುತ್ತಾರೆ. ಸಾಬೂನಿನಿಂದ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿದರೆ ಅದರಿಂದ ಕೇಡಿಲ್ಲ. ಅರೆಬರೆ ಒಣಗಿದ್ದನ್ನು ಮತ್ತೆ ಉಟ್ಟರೆ ಸೋಂಕಿನ ಭಯವುಂಟೆಂದು ವೈದ್ಯರು ಹೇಳುತ್ತಾರೆ. ಬಿಸಿಲು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಬಟ್ಟೆಗೇ ಬಿಸಿಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಂಡೆಯ ಜನ ಮನೆ ಬಿಟ್ಟು ಹೊರಟ ದಿನಗಳು ನೆನಪಾದವು. ಆಸರೆ ಸಿಕ್ಕ ಕಟ್ಟಡಗಳ ಕಂಬಕಂಬಕ್ಕೂ ಹಗ್ಗ ಕಟ್ಟಿ ಜನ ಒದ್ದೆ ಅರಿವೆಗಳನ್ನು ಹಾಕಿದ್ದರು. ಅಕ್ಕಿ ಬಂತೆ, ಚಾದರ ಬಂತೆ ಎಂದು ನಾವು ಕೇಳಿದೆವು. ಒಂದು ಗೋಡೆಯ ಮರೆಯೂ ಇಲ್ಲದ ಆ ಜಾಗದಲ್ಲಿ ಹೆಂಗಸರು ಆ ಬಟ್ಟೆಯನ್ನು ಎಲ್ಲಿ ಒಣಗಿಸಿದರೆಂದು ನಾನು ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಪರದೇಶದ ನಿಷೇಧಕ್ಕೆ ಬರೆದ ಕಾಗದವಿತ್ತು, ಅದನ್ನು ಹರಿಯಬಹುದಾಗಿತ್ತು. ನಮ್ಮದನ್ನು ಯಾರೂ ಬರೆದಿಲ್ಲ.

ಯಂತ್ರದ ಮಾತನ್ನು ಅಲ್ಲಿಗೇ ಬಿಟ್ಟೆ. ಅದಕ್ಕೆ ಬದಲು, ಬಿಸಿಲು ಚೆನ್ನಾಗಿ ಬೀಳುವ ಮಾಳಿಗೆಯ ಮೇಲೆ ನಾನೂ ಮಗಳೂ ಕೂಡಿ ಎರಡನೆಯ ಹಗ್ಗ ಕಟ್ಟಿದೆವು. ಅವ್ವ ಎರಡು ದಿನ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಗಾಳಿ ಎದ್ದಾಗ, ಮೊಣಕಾಲ ನೋವನ್ನೂ ಲೆಕ್ಕಿಸದೆ ಮೆಟ್ಟಿಲೇರಿ ಹೋದಳು. ಇಳಿದು ಬಂದು, “ಹಾರಿ ಹೋಗತಿದ್ದೂ, ಕ್ಲಿಪ್ ಹಾಕಿ ಬಂದೀನಿ” ಎಂದಷ್ಟೇ ಹೇಳಿ ಒಳಗೆ ನಡೆದಳು.