ಬ್ಯಾಟರಿಯಿಲ್ಲದ ಚೀಟಿಯ ಉತ್ತರ

ದಾವಣಗೆರೆಯ ಜವಳಿ ಗೋದಾಮೊಂದರಲ್ಲಿ ದಾಸ್ತಾನಿನ ಲೆಕ್ಕ ನೋಡಿಕೊಳ್ಳುವ ಓದುಗರೊಬ್ಬರು ತಮ್ಮ ಪತ್ರದಲ್ಲಿ, ಪೆಟ್ಟಿಗೆಗಳಿಗಂಟಿಸಿದ ಟ್ಯಾಗುಗಳನ್ನೋದುವ ಕೈಯಂತ್ರದ (ರೀಡರಿನ) ಶಕ್ತಿಯನ್ನು ಪೂರ್ತಿ ಏರಿಸಿಟ್ಟರೂ ಅದು ಎದುರಿನ ಕೆಲವು ಪೆಟ್ಟಿಗೆಗಳನ್ನು ಬಿಟ್ಟು ಗೋಡೆಯಾಚೆಯವನ್ನು ಎಣಿಸುವುದೇಕೆಂದು ಕೇಳಿದ್ದಾರೆ. ಶಕ್ತಿ ಹೆಚ್ಚಿದಷ್ಟೂ ಓದು ಶುದ್ಧವಾಗುವುದೆಂಬ ನಂಬಿಕೆಯೇ ಇಲ್ಲಿ ತೊಡಕಿನ ಮೂಲ.

ಈ ಟ್ಯಾಗಿನಲ್ಲಿ ಬ್ಯಾಟರಿಯಿಲ್ಲ. ರೀಡರು ಹೊಮ್ಮಿಸುವ ರೇಡಿಯೋ ತರಂಗದಿಂದ ವಾಟಿನ ಲಕ್ಷದಲ್ಲೊಂದು ಭಾಗದಷ್ಟು ಶಕ್ತಿಯನ್ನು ಹೀರಿ ಎಚ್ಚೆತ್ತು, ಬಿಸಿಲಿಗೆ ಹಿಡಿದ ಕನ್ನಡಿಯನ್ನು ವಾಲಿಸಿ ದೂರದವನಿಗೆ ಸಂಜ್ಞೆ ಮಾಡುವಂತೆ, ಅದೇ ತರಂಗವನ್ನು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಪ್ರತಿಫಲಿಸಿ ಅದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಪ್ರತಿಫಲಿತ ಶಕ್ತಿಯಿಂದ ಸಂದೇಶ ಕಳುಹಿಸುವ ಈ ತತ್ತ್ವವನ್ನು ಹ್ಯಾರಿ ಸ್ಟಾಕ್‌ಮನ್ 1948ರಲ್ಲಿಯೇ ಪ್ರತಿಪಾದಿಸಿದ್ದರು. ಶಕ್ತಿ ಮಿತಿಮೀರಿದಾಗ ಗೋಡೆಯಾಚೆಯ ಟ್ಯಾಗುಗಳೂ ಎಚ್ಚರಗೊಳ್ಳುತ್ತವೆ. ಉಕ್ಕಿನ ಕಪಾಟುಗಳಿಂದ ಮರಳಿದ ತರಂಗಗಳು ಮೂಲ ತರಂಗವನ್ನು ಸಂಧಿಸಿ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುವುದರಿಂದ, ಕಣ್ಣೆದುರಿನ ಟ್ಯಾಗಿಗೇ ಅನ್ನವಿಲ್ಲದಂತಾಗುತ್ತದೆ.

ಇನ್ನು, ನೂರಾರು ಟ್ಯಾಗುಗಳು ಏಕಕಾಲದಲ್ಲಿ ಎಚ್ಚೆತ್ತರೂ ಕೋಲಾಹಲವಾಗದಿರುವ ಬಗೆಯಂತೂ ಅತ್ಯಂತ ರಮಣೀಯವಾದುದು. ರೀಡರಿನ ಅಪ್ಪಣೆಯಾದೊಡನೆ ಪ್ರತಿಯೊಂದು ಟ್ಯಾಗೂ, ಉದಾಹರಣೆಗೆ, 0ಯಿಂದ 15ರೊಳಗೆ ಮನಬಂದ ಅಂಕಿಯೊಂದನ್ನು ಹಿಡಿದು, ರೀಡರಿನ ಕರೆಕರೆಗೂ ಅದನ್ನು ಒಂದೊಂದಾಗಿ ಇಳಿಸುತ್ತ, ಸೊನ್ನೆ ಮುಟ್ಟಿದಾಗ ಮಾತ್ರ ಬಾಯ್ದೆರೆಯುತ್ತದೆ. ಆಗಲೂ ನಿಜನಾಮವನ್ನು ಹೇಳದೆ, ಆ ಕ್ಷಣಕ್ಕೆಂದು ಕಲ್ಪಿಸಿಕೊಂಡ ಸಂಖ್ಯೆಯೊಂದನ್ನು ನುಡಿದು, ರೀಡರು ಅದನ್ನೇ ಮರಳಿ ನುಡಿದ ಬಳಿಕವೇ ತನ್ನ ಗುರುತನ್ನು ಒಪ್ಪಿಸುತ್ತದೆ! ಎರಡು ಟ್ಯಾಗುಗಳ ದನಿ ಕಲಸಿಹೋದರೆ ಅವು ಮುಂದಿನ ಸುತ್ತಿಗೆ ಕಾಯುತ್ತವೆ. ಒಮ್ಮೆ ಓದಿಸಿಕೊಂಡ ಟ್ಯಾಗು ಮೌನವಾಗಿರಬೇಕಾದ ಅವಧಿಯನ್ನು ‘ಸೆಷನ್’ ಎಂಬ ಆಯ್ಕೆ ನಿರ್ಧರಿಸುತ್ತದೆ. ದೊಡ್ಡ ದಾಸ್ತಾನನ್ನೆಣಿಸುವಾಗ, ಶಕ್ತಿ ತಪ್ಪಿದ ಮೇಲೂ ಎರಡು ಸೆಕೆಂಡಿಗೆ ಮಿಗಿಲಾಗಿ ನೆನಪಿಟ್ಟುಕೊಳ್ಳುವ ಎಸ್2 ಲೇಸು. ಕಳೆದ ಒಂದೇ ಪೆಟ್ಟಿಗೆಯನ್ನು ಹುಡುಕುವಾಗ, ಶಕ್ತಿ ತಪ್ಪಿದೊಡನೆ ಮರೆತುಬಿಡುವ ಎಸ್0.

ಆದುದರಿಂದ ಓದುಗಮಿತ್ರರು ಶಕ್ತಿಯನ್ನು ತಗ್ಗಿನಿಂದಾರಂಭಿಸಿ, ಎದುರಿನ ಸಾಲು ಪೂರ್ತಿ ಓದಿಸಿಕೊಳ್ಳುವವರೆಗೆ ಮಾತ್ರ ಏರಿಸತಕ್ಕದ್ದು. ಬಯಲಿನಲ್ಲಿಯೇ ದೂರವನ್ನು ಇಮ್ಮಡಿಗೊಳಿಸಲು ನಾಲ್ಮಡಿ ಶಕ್ತಿ ಬೇಕು. ಆ ವ್ಯಯವೆಲ್ಲ ರೀಡರಿನ ಬ್ಯಾಟರಿಯದೇ. ರೀಡರಿನಲ್ಲಿ ದೇಶದ ಆಯ್ಕೆ ‘ಭಾರತ’ವೆಂದೇ ಇರಲಿ: ನಮ್ಮಲ್ಲಿ ಇಂಥ ಟ್ಯಾಗುಗಳ ಓದಿಗೆ 865ರಿಂದ 868 ಮೆಗಾಹರ್ಟ್ಸ್ ಮೀಸಲು, ಅಮೆರಿಕದ 902–928ರ ಒಂದು ಭಾಗವು ಇಲ್ಲಿ ಮೊಬೈಲ್ ದೂರವಾಣಿಗಳ ಹಾದಿ.

ಈ ಯಂತ್ರದ ಕಿರಣ ಸೋಕಿದರೆ ರಕ್ತ ಕೆಡುವುದೆಂಬ ಪುಕಾರು ಕೇವಲ ಮೌಢ್ಯ. ಅಣುವನ್ನೊಡೆಯುವ ಸಾಮರ್ಥ್ಯ ಈ ತರಂಗಗಳಿಗಿಲ್ಲ. ಆದರೆ ಪೇಸ್‌ಮೇಕರ್ ಉಳ್ಳವರ ಎದೆಗೆ ಇದನ್ನು ಹತ್ತಿರ ಹಿಡಿಯಲಾಗದು. ಭಯಪಡಬೇಕಾದದ್ದಿದ್ದರೆ ಹಿಡಿಯೊಳಗಿನ ಲಿಥಿಯಂ ಬ್ಯಾಟರಿಗೆ: ಅದನ್ನು ಬಿಸಿಲಿಗೊಡ್ಡಿದ ವಾಹನದೊಳಗೆ ಬಿಡಬಾರದು, ಕಾದಿರುವಾಗ ಚಾರ್ಜಿಗಿಡಬಾರದು; ಹೊಟ್ಟೆಯುಬ್ಬಿದ್ದು ಕಂಡರೆ ಅದುಮಿ ಕೂರಿಸುವ ಸಾಹಸಕ್ಕೆ ಹೋಗದೆ, ಅಂದೇ ಬಳಕೆಯಿಂದ ತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು.