ಜೀಪಿನ ಹಿಂದಿನ ಪ್ಲೇಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಈ ಮೂರೂ ತಾಲ್ಲೂಕು ಗುಡ್ಡ, ಹಳ್ಳದ ಸೀಮೆ. ಬಸ್ಸು ಹೋಗದ ದಾರಿಯಲ್ಲಿ ಜೀಪು ಹೋಗುತ್ತದೆ. ತೋಟದ ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ನಾವು ಜೀಪು ಹತ್ತುತ್ತೇವೆ. ಹೆಂಗಸರು ಕೂರುವುದು ಹೆಚ್ಚಾಗಿ ಹಿಂದುಗಡೆ. ಅಲ್ಲಿ ನಮ್ಮ ಭಾರ ಹೊರುವುದು ಯಾವುದು? ತಿಳಿಯೋಣ ಬನ್ನಿ.

1941ರಲ್ಲಿ ಅಮೆರಿಕದವರು ಸೈನ್ಯಕ್ಕೆಂದು ಜೀಪು ತಯಾರಿಸಿದರು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರಾ ಕಂಪನಿ ಜೀಪು ಜೋಡಿಸತೊಡಗಿತು. ಈಚಿನ ಕೆಲವು ಗಾಡಿಗಳ ಹಿಂದೆ ಸುರುಳಿ ಸ್ಪ್ರಿಂಗ್ ಇದೆ. ಹಳೇ ಜೀಪುಗಳಲ್ಲಿ ಇರುವುದು ಪ್ಲೇಟು.

ಪ್ಲೇಟು ಅಂದರೆ ಉಕ್ಕಿನ ಪಟ್ಟಿಗಳ ಕಟ್ಟು. ಉದ್ದದ ಪಟ್ಟಿ ಮೇಲೆ, ಗಿಡ್ಡ ಪಟ್ಟಿಗಳು ಕೆಳಗೆ. ಎಡಕ್ಕೊಂದು ಕಟ್ಟು, ಬಲಕ್ಕೊಂದು ಕಟ್ಟು. ನಡುವೆ ಒಂದು ಬೋಲ್ಟು ಪಟ್ಟಿಗಳನ್ನು ಪೋಣಿಸಿ ಹಿಡಿದಿದೆ. ಕಟ್ಟನ್ನು ಚಕ್ರದ ಅಚ್ಚಿಗೆ ಬಿಗಿಯುವುದು ಯು ಬೋಲ್ಟು. ಚಕ್ರ ಕಲ್ಲು ಹತ್ತಿದಾಗ ಪ್ಲೇಟು ಬಗ್ಗುತ್ತದೆ. ಮತ್ತೆ ಮೊದಲಿನಂತೆ ಆಗುತ್ತದೆ. ಬಗ್ಗಿಸಿ ಬಿಟ್ಟ ಬಿದಿರಿನ ಹಾಗೆ.

ಭಾರ ಜಾಸ್ತಿಯಾದರೆ, ಹೊಂಡಕ್ಕೆ ಬಿದ್ದೂ ಬಿದ್ದೂ, ಪಟ್ಟಿ ತುಂಡಾಗುತ್ತದೆ. ಯು ಬೋಲ್ಟು ಸಡಿಲವಾದರೆ ನಡುವಿನ ಬೋಲ್ಟು ಮುರಿಯಬಹುದು. ಆಗ ಅಚ್ಚು ಜಾಗ ಬಿಟ್ಟು ಸರಿಯುತ್ತದೆ. ಗಾಡಿ ಒಂದು ಕಡೆಗೆ ಎಳೆಯುತ್ತದೆ. ಘಾಟಿಯ ತಿರುವಿನಲ್ಲಿ ಹೀಗಾದರೆ ಜೀವಕ್ಕೇ ಅಪಾಯ.

ಹತ್ತುವ ಮೊದಲು ನೋಡಿ. ಖಾಲಿ ಜೀಪು ಸಮ ನೆಲದಲ್ಲಿ ಒಂದು ಕಡೆ ವಾಲಿದೆಯೇ? ಪಟ್ಟಿ ಬಿರುಕು ಬಿಟ್ಟಿದೆಯೇ? ಹೋಗುವಾಗ ಹಿಂದೆ ಕಟಕಟ ಶಬ್ದ ಬರುತ್ತದೆಯೇ? ಇದ್ದರೆ ಡ್ರೈವರಿಗೆ ಹೇಳಿ.

ರಿಪೇರಿ ಹೇಗೆ? ಜೀಪನ್ನು ಸಮ ನೆಲದಲ್ಲಿ ನಿಲ್ಲಿಸಬೇಕು. ಮುಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಜಾಕಿನಿಂದ ಎತ್ತಿ ಗಟ್ಟಿ ಸ್ಟ್ಯಾಂಡು ಇಡಬೇಕು. ಬರೀ ಜಾಕು ನಂಬಿ ಅಡಿಗೆ ಹೋಗಬಾರದು. ಕಟ್ಟು ಬಿಚ್ಚಿ, ಮುರಿದ ಪಟ್ಟಿ ತೆಗೆದು ಬೇರೆ ಹಾಕುತ್ತಾರೆ. ಮುರಿದದ್ದಕ್ಕೆ ವೆಲ್ಡಿಂಗ್ ಸಾಲದು. ಬೆಂಕಿಗೆ ಬಿದ್ದ ಕತ್ತಿಯ ಹದ ಹೋಗುವುದಿಲ್ಲವೇ? ಉಕ್ಕಿನ ಪಟ್ಟಿಯದೂ ಹಾಗೇ.

ಎರಡೂ ಕಡೆಯ ಎತ್ತರ ಸಮ ಇರಬೇಕು. ಕೆಲವರು ಭಾರ ಹೊರಲೆಂದು ಹೆಚ್ಚಿನ ಪಟ್ಟಿ ಸೇರಿಸುತ್ತಾರೆ. ಆಗ ಪ್ಲೇಟು ಬಿರುಸಾಗಿ ಖಾಲಿ ಗಾಡಿ ಕುಪ್ಪಳಿಸುತ್ತದೆ. ಪಟ್ಟಿ ಹೆಚ್ಚಿಸಿದರೂ ಬ್ರೇಕಿನ ಬಲ ಹೆಚ್ಚುವುದಿಲ್ಲ. ಹೊಸ ಪ್ಲೇಟು ಹಾಕಿ ಸ್ವಲ್ಪ ದಿನ ಓಡಿದ ಮೇಲೆ ಯು ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕು.

ಎಷ್ಟು ಜನ ಕೂರಬಹುದು ಅಂತ ಗಾಡಿಯ ಆರ್.ಸಿ.ಯಲ್ಲಿ ಬರೆದಿರುತ್ತದೆ. ಅಂಕಿ ಓದಲು ಈಗ ನಮಗೆ ಬರುತ್ತದೆ. ಕೇಳಿ ಓದೋಣ. ಕೇಳಲು ನಾಚಿಕೆ ಬೇಡ. ಹಿಂದೆ ಕೂತವರು ನಾವು.

ಮಾತಾಡಿ:
1. ನಿಮ್ಮೂರಿನ ಜೀಪಿನಲ್ಲಿ ಎಷ್ಟು ಜನ ಕೂರುತ್ತಾರೆ?
2. ಆರ್.ಸಿ.ಯಲ್ಲಿ ಎಷ್ಟು ಜನ ಅಂತ ಇದೆ?